ಮೇಲಿನ ಬಂಕಿನ ಹುಡುಗಿ

ಮೇ ೬, ಬುಧವಾರ. ಮಧ್ಯಾಹ್ನ ೩

ಒದ್ದೆ ಬಟ್ಟೆ ಹಿಂಡಿ ಹರಡಿದ್ದು ಇದು ಮೂರನೇ ಸಲ. ಕ್ಯಾಬಿನ್ ಮುಂದಿನ ಕಂಬಿಯ ಮೇಲೆ ಇನ್ನು ಜಾಗವಿಲ್ಲ. ಭಾವನ ಚಡ್ಡಿ, ಮರಿಯ ಟವೆಲ್, ನನ್ನ ಮಗನ ಎರಡು ಟೀ ಶರ್ಟು... ರಜೆ ಅಂತ ಬಂದದ್ದು. ಕೈಗೆ ಮಾತ್ರ ಇನ್ನೂ ರಜೆ ಸಿಕ್ಕಿಲ್ಲ.

ಕ್ಯಾಬಿನ್ ನಂಬರ್ ಮೂವತ್ತೊಂದು. ‘ಫ್ಯಾಮಿಲಿ ಕ್ಯಾಬಿನ್’ ಎಂದು ಬಾಗಿಲ ಮೇಲೆ ಕರಡಿ ಕುಟುಂಬದ ಚಿತ್ರ. ಹೊರಗಿನಿಂದ ಮರದ ದಿಮ್ಮಿಯ ಮನೆ. ಉಗುರಿನಿಂದ ಕೆರೆದರೆ ಫೈಬರ್. ಎರಡು ಕೋಣೆ, ನಡುವೆ ಪ್ಲೈವುಡ್ ಗೋಡೆ. ಆ ಕಡೆ ಭಾವ ಆಕಳಿಸಿದರೆ ಈ ಕಡೆ ನಮಗೆ ನಿದ್ದೆ ಬರುತ್ತದೆ. ನಮ್ಮ ಕೋಣೆಯ ಕಿಟಕಿಗೆ ದೊಡ್ಡ ರೋಲರ್ ಕೋಸ್ಟರಿನ ಬೆನ್ನು ಕಾಣುತ್ತದೆ. ನಾಲ್ಕು ನಿಮಿಷಕ್ಕೊಮ್ಮೆ ಒಂದಿಷ್ಟು ಜನ ಒಟ್ಟಿಗೆ ಕಿರುಚುತ್ತಾರೆ. ಮೊದಲ ಗಂಟೆ ಎದೆ ಧಸಕ್ಕೆನ್ನುತ್ತಿತ್ತು. ಈಗ ಕಿವಿಗೇ ಬೀಳುವುದಿಲ್ಲ.

ಬುಕ್ ಮಾಡಿದ್ದು ಅಕ್ಕ. ಅದೇ ಆಶ್ಚರ್ಯ. ಒಂಬತ್ತು ವರ್ಷದಲ್ಲಿ ಒಂದು ಸಲವೂ ಎರಡು ಸಂಸಾರ ಒಂದೇ ಸೂರಿನಡಿ ಇದ್ದದ್ದಿಲ್ಲ. ಅಕ್ಕ ಇರಲು ಬಿಟ್ಟಿಲ್ಲ. ಈಗ ಅವಳೇ ಫೋನ್ ಮಾಡಿ, ಐದು ದಿನ, ಮಕ್ಕಳು ಒಟ್ಟಿಗೆ ಆಡಿಕೊಳ್ಳಲಿ, ಎಂದಳು. ಬಂದ ಕೂಡಲೇ ಮಗಳ ಸೂಟ್‌ಕೇಸನ್ನು ನಮ್ಮ ಕೋಣೆಗೆ ತಳ್ಳಿದಳು. ಮೇಲಿನ ಬಂಕು ಅವಳಿಗಂತೆ, ಕೆಳಗಿನದು ನನ್ನ ಮಗನಿಗೆ.

ಪಿಟೀಲು ಅಕ್ಕನ ಮಗಳು. ಒಂಬತ್ತು ವರ್ಷ. ಹುಟ್ಟಿದಾಗ ಒಂದೇ ಎಳೆಯಲ್ಲಿ ಅಳುತ್ತಿದ್ದಳು ಎಂದು ಆ ಹೆಸರಿಟ್ಟವಳು ನಾನು. ಹೆತ್ತವಳೂ ನಾನು. ಇದನ್ನು ಇಲ್ಲಿ ಬರೆಯಬಹುದು, ಬೇರೆಲ್ಲೂ ಆಗುವುದಿಲ್ಲ.

ಹನ್ನೊಂದನೇ ದಿನ ಅಕ್ಕನ ಮಡಿಲಿಗೆ ಹಾಕಿದೆ. ಅವಳಿಗೆ ಮದುವೆಯಾಗಿ ಹತ್ತು ವರ್ಷ, ಮಕ್ಕಳಿರಲಿಲ್ಲ. ನಮ್ಮ ಮನೆಯವರ ಕೆಲಸ ಆಗ ಹೋಗಿತ್ತು, ನನ್ನ ಮಗನಿಗೆ ಮೂರು ವರ್ಷ. ಅಕ್ಕನೇ ತಾನೆ, ಹೊರಗಿನವರೇನಲ್ಲವಲ್ಲ ಎಂದರು ಇವರು. ನಾನೂ ಹೂಂ ಅಂದೆ. ಆಮೇಲೆ ಆರು ವರ್ಷಕ್ಕೆ ಅಕ್ಕನಿಗೇ ಮಗ ಹುಟ್ಟಿದ. ಅವನೇ ಮರಿ. ಈಗ ಟವೆಲ್ ಸುತ್ತಿಕೊಂಡು ಅಂಗಳದಲ್ಲಿ ಓಡುತ್ತಿದ್ದಾನೆ, ಹಿಂದೆ ಭಾವ.


ಮೇ ೭, ಗುರುವಾರ. ಬೆಳಗ್ಗೆ ೭

ಏಳುವ ಹೊತ್ತಿಗೆ ಮೇಲಿನ ಬಂಕಿನ ಹೊದಿಕೆ ನಾಲ್ಕು ಮಡಿಕೆ. ನೀರಿನ ಬಾಟಲಿಗಳೆಲ್ಲ ತುಂಬಿವೆ. ಎಲ್ಲರ ಶೂ ಬಾಗಿಲ ಬಳಿ ಸಾಲಾಗಿ, ಇವರ ಶೂ ಒರೆಸಿದ್ದು ಬೇರೆ. ಪಿಟೀಲು ಪಕ್ಕದಲ್ಲಿ ನಿಂತಿದ್ದಾಳೆ, ಕೈ ಹಿಂದೆ ಕಟ್ಟಿಕೊಂಡು. ಇವರು ತಮಾಷೆಗೆ, ರಿಸಾರ್ಟ್‌ನವರು ನಿನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ ನೋಡು ಎಂದರು. ಅಷ್ಟೇನೂ ನಗು ಬರುವ ಮಾತಲ್ಲ. ಅವಳು ನಕ್ಕಳು, ಬೇಕಾದ್ದಕ್ಕಿಂತ ಉದ್ದಕ್ಕೆ.

ಬೂಟಾಟಿಕೆ ಅನ್ನಿಸಿತು. ಅಕ್ಕನ ಸಾಕಣೆ. ಸುಮ್ಮನಿದ್ದಾಗ ಜಡೆಯ ತುದಿ ಬಾಯಿಗಿಟ್ಟು ಚೀಪುತ್ತಾಳೆ. ಯಾರಾದರೂ ನೋಡಿದರೆ ತಟ್ಟನೆ ತೆಗೆಯುತ್ತಾಳೆ.

ಸೂಟ್‌ಕೇಸ್ ಒಂದಲ್ಲ, ಎರಡು. ಒಂದರಲ್ಲಿ ಸ್ಕೂಲ್ ಶೂ, ದಪ್ಪ ಸ್ವೆಟರ್. ಐದು ದಿನಕ್ಕೆ, ಈ ಸೆಕೆಯಲ್ಲಿ. ಕೇಳಿದ್ದಕ್ಕೆ “ಅಮ್ಮ ಇಟ್ಟಿದ್ದು” ಎಂದು ಜಿಪ್ ಎಳೆದಳು.


ಸಂಜೆ ೬

ದಿನವೆಲ್ಲ ಕ್ಯೂ. ದೋಣಿ ರೈಡಿನಲ್ಲಿ ಮುಂದಿನ ಸೀಟು ಅವಳಿಗೆ ಬಂದಿತ್ತು, ನನ್ನ ಮಗನಿಗೆ ಬಿಟ್ಟುಕೊಟ್ಟಳು. ಐಸ್‌ಕ್ರೀಮಿನಲ್ಲೂ ಅವನದು ಆಯ್ಕೆಯಾದ ಮೇಲೆ ಇವಳದು. ಅವನು ಹನ್ನೆರಡರ ಕೋಣ, ಸಂಕೋಚವೆಂಬುದೇ ಇಲ್ಲ. “ಇವಳು ನಮ್ಮ ಜೊತೆ ಬಂದ್ರೆ ಚೆನ್ನಾಗಿರುತ್ತೆ, ಎಲ್ಲಾ ನನಗೇ ಕೊಡ್ತಾಳೆ” ಎಂದ. ಪಿಟೀಲು ಥಟ್ಟನೆ ನನ್ನ ಮುಖ ನೋಡಿದಳು.

ವಾಪಸ್ ಬರುವಾಗ ಅಕ್ಕ ಪಕ್ಕಕ್ಕೆ ಬಂದು, “ಮೂಗು ಥೇಟ್ ನಿಂದೇ ಕಣೆ” ಎಂದಳು. ನಿಂತುಬಿಟ್ಟೆ. ಹಿಂದೊಮ್ಮೆ ನಮ್ಮ ಅತ್ತೆ ಇದೇ ಮಾತಾಡಿದ್ದಕ್ಕೆ ಅಕ್ಕ ಒಂದು ವರ್ಷ ಅವರ ಜೊತೆ ಮಾತು ಬಿಟ್ಟಿದ್ದಳು. ಇವತ್ತು ಅವಳ ಬಾಯಲ್ಲೇ.

ನಾನೆಂಥ ದಡ್ಡಿ. ಕರಗಿ ನೀರಾದೆ.


ಮೇ ೮, ಶುಕ್ರವಾರ. ಮಧ್ಯಾಹ್ನ ೨

ತಲೆ ಸಿಡಿಯುತ್ತಿದೆ ಎಂದು ಹೇಳಿ ಕ್ಯಾಬಿನ್‌ಗೆ ಬಂದಿದ್ದೇನೆ. ಮರೆಯುವ ಮುಂಚೆ ಬರೆದಿಡಬೇಕು. ಮರೆತೇನು ಎಂದಲ್ಲ — ಆಮೇಲೆ ನನಗೆ ಬೇಕಾದಂತೆ ತಿದ್ದಿಕೊಂಡೇನು.

ತಿರುಗುವ ಕುದುರೆಗಳ ಹತ್ತಿರ. ಪಿಟೀಲನ್ನು ಬಿಳಿ ಕುದುರೆ ಮೇಲೆ ಕೂರಿಸಿದ್ದೆವು. ಅಕ್ಕ, ನಾನು ಬೇಲಿಗೆ ಒರಗಿ ನಿಂತಿದ್ದೆವು. ಸುತ್ತು ಶುರುವಾದ ಮೇಲೆ ಅಕ್ಕ, ನನ್ನ ಕಡೆ ನೋಡದೆ:

“ನಿನ್ನ ಮಗೂನ ನೀನು ಕರ್ಕೊಂಡು ಹೋಗು.”

ಪಿಟೀಲು ಬಂದಳು, ಕೈ ಬೀಸಿದಳು. ನಾವಿಬ್ಬರೂ ಬೀಸಿದೆವು. ಅವಳು ಆ ಕಡೆ ಮರೆಯಾದಳು.

ಕಾರಣ ಹೇಳಿದಳು. ಒಂದು ದಿನ ಮರಿ ಮಂಚದಿಂದ ಬಿದ್ದ, ಹಣೆಗೆ ಮೂರು ಹೊಲಿಗೆ. ಕೋಣೆಯಲ್ಲಿ ಪಿಟೀಲು ಒಬ್ಬಳೇ ಇದ್ದಳು. ಅವಳೇ ತಳ್ಳಿದಳಾ ಎಂದು ಕೇಳಿದೆ. ಗೊತ್ತಿಲ್ಲವಂತೆ. ಗೊತ್ತಿಲ್ಲ ಅನ್ನುವುದೇ ಭಾವನಿಗೆ ಸಾಕಾಯಿತಂತೆ. ಅಂದಿನಿಂದ ಇಬ್ಬರನ್ನೇ ಬಿಡುವುದಿಲ್ಲ, ಒಳಗೆ ಹೋದರೆ ಬಾಗಿಲು ತೆಗೆದೇ ಇರಬೇಕು.

ಮತ್ತೆ ಬಂದಳು. ಬೀಸಿದೆವು.

ಒಂಬತ್ತು ವರ್ಷ ಸಾಕಿದ್ದೀಯಲ್ಲ, ಪ್ರೀತಿ ಇಲ್ಲವಾ ಎಂದೆ. ಅಕ್ಕ ಸ್ವಲ್ಪ ಹೊತ್ತು ಯೋಚಿಸಿದಳು. ಸುಳ್ಳು ಹೇಳುವವಳ ಯೋಚನೆಯಲ್ಲ ಅದು.

“ಇವನು ಹುಟ್ಟೋವರೆಗೂ ಇದೇ ಪ್ರೀತಿ ಅಂದ್ಕೊಂಡಿದ್ದೆ. ಇವನು ಹುಟ್ಟಿದ್ಮೇಲೆ ಗೊತ್ತಾಯ್ತು, ಅದು ಬೇರೆ ಏನೋ.”

ಬಂದಳು. ಬೀಸಿದೆವು.

ಸ್ಕೂಲಿನಿಂದ ಟಿ.ಸಿ. ತೆಗೆಸಿ ಆಗಿದೆ. ಸೂಟ್‌ಕೇಸಿನಲ್ಲಿದೆ. ಬಟ್ಟೆಯೆಲ್ಲ ಇದೆ. ಎಲ್ಲವೂ ಮುಗಿದಿದೆ, ನನ್ನ ಒಂದು ಹೂಂ ಬಾಕಿ. ಅವಳಿಗೆ ಗೊತ್ತಾ ಎಂದೆ. ಇಲ್ಲ, ಮಗುಗೆ ಅದೆಲ್ಲ ಯಾಕೆ ಎಂದಳು ಅಕ್ಕ, ಕೈ ಬೀಸುತ್ತಲೇ.

ಕುದುರೆ ನಿಂತಿತು. ಪಿಟೀಲು ಓಡಿ ಬಂದು, ಹನ್ನೊಂದು ಸಲ ಕೈ ಬೀಸಿದೆ, ನೀವಿಬ್ಬರೂ ಹನ್ನೊಂದು ಸಲವೂ ಬೀಸಿದಿರಿ ಎಂದಳು. ಮುಖ ಅರಳಿತ್ತು. ಲೆಕ್ಕ ಇಟ್ಟಿದ್ದಳು.


ಸಂಜೆ ೭

ಇವರಿಗೆ ಹೇಳಿದೆ. ಫುಡ್ ಕೋರ್ಟಿನಲ್ಲಿ, ತಟ್ಟೆ ಹಿಡಿದು ಜನ ಜಾಗ ಹುಡುಕುತ್ತಿರುವಾಗ. ನಿಧಾನವಾಗಿ ಬಾಯಿ ಒರೆಸಿಕೊಂಡರು. ಕೊಟ್ಟಾಯಿತು, ಮುಗಿಯಿತು ಎಂದರು. ಮಗನಿಗೆ ಏನು ಹೇಳುವುದು, ಅಕ್ಕಪಕ್ಕದವರಿಗೆ ಏನು ಹೇಳುವುದು, ಇರುವುದು ಎರಡು ಕೋಣೆ. ಎಲ್ಲ ಸರಿಯಾದ ಮಾತೇ. ಆಮೇಲೆ ಕೇಳಿದರು:

“ಅದೆಲ್ಲ ಬಿಡು. ನಿನಗೆ ಬೇಕಾ? ನಿಜ ಹೇಳು.”

ತಟ್ಟೆಯಲ್ಲಿದ್ದ ಅನ್ನ ಕಲಸತೊಡಗಿದೆ.

ಒಂಬತ್ತು ವರ್ಷ ಕದ್ದು ಅತ್ತಿದ್ದೇನೆ. ಅವಳ ಹುಟ್ಟಿದ ದಿನ ನಾನು ಕೆಲಸ ಮಾಡುವ ಲ್ಯಾಬಿನ ಸ್ಟೋರ್ ರೂಮಿಗೆ ಹೋಗಿ ಅತ್ತು, ಮುಖ ತೊಳೆದು ಬಂದು ಜನರ ರಕ್ತ ತೆಗೆದಿದ್ದೇನೆ. ಆ ಅಳು ಯಾರಿಗಾಗಿ? ಹನ್ನೊಂದು ದಿನದ ಕೂಸಿಗೆ. ಇವಳಿಗಲ್ಲ. ಇವಳು ಜಡೆ ಚೀಪಿದರೆ ಮೈಮೇಲೆ ಹುಳ ಹರಿದಂತಾಗುತ್ತದೆ. ಅದೇ ಕೆಲಸ ನನ್ನ ಮಗ ಮಾಡಿದರೆ ಒಂದು ಏಟು ಕೊಟ್ಟು ನಗುತ್ತೇನೆ. ಇವಳಿಗೆ ಏಟು ಕೊಡುವಷ್ಟೂ ನಾನು ಹತ್ತಿರದವಳಲ್ಲ.

ಬೇಕು ಅನ್ನಲಿಲ್ಲ. ಇವರು ಎದ್ದು ಕೈ ತೊಳೆಯಲು ಹೋದರು.


ಮೇ ೯, ಶನಿವಾರ. ಸಂಜೆ ೪

ಮಾತು ಆಡಿಯಾಯಿತು. ಕ್ಯಾಬಿನ್ ಮುಂದೆ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ನಾಲ್ಕೂ ಜನ. ನನ್ನ ಮಗ ಮರಿಯನ್ನು ಮರಳು ಗುಂಡಿಗೆ ಕರೆದುಕೊಂಡು ಹೋಗಿದ್ದ. ಪಿಟೀಲು ಬಂಕಿನಲ್ಲಿ ಮಲಗಿದ್ದಾಳೆ ಎಂದುಕೊಂಡಿದ್ದೆವು.

ಇಷ್ಟು ವರ್ಷ ನಿಮ್ಮ ಹೊರೆ ಹೊತ್ತಿದ್ದೇವೆ ಎಂದರು ಭಾವ. ಬೇಡಿ ತೆಗೆದುಕೊಂಡವರು ನೀವು ಎಂದರು ಇವರು. ಭಾವ ಅವಳ ಹಟ, ಮೌನ, ಹಾಸಿಗೆ ಒದ್ದೆ ಮಾಡುವುದು ಎಲ್ಲ ಹೇಳಿದರು, ಕೆಟ್ಟ ಫ್ರಿಜ್ಜಿನ ಬಗ್ಗೆ ಹೇಳಿದ ಹಾಗೆ. ಇವರು, ನಿಮ್ಮ ಕೈಗೆ ಬಂದಾಗ ಸರಿಯಾಗೇ ಇದ್ದಳಲ್ಲ ಎಂದರು. ಅದೂ ಫ್ರಿಜ್ಜಿನ ಮಾತೇ.

ಅಕ್ಕ ನನ್ನ ಕಡೆ ತಿರುಗಿದಳು. “ನೀನು ಹೇಳು. ಹೆತ್ತವಳು ನೀನು.”

“ನನ್ನ ಕೈಲಿ ಆಗಲ್ಲ ಅಕ್ಕ.”

ಮೆಲ್ಲಗೆ ಹೇಳಬೇಕೆಂದಿದ್ದೆ. ಆಗಲೇ ಮೇಲೆ ರೋಲರ್ ಕೋಸ್ಟರ್ ಹೋಯಿತು, ಆ ಕಿರುಚಾಟ ಮೀರಿಸಲು ಜೋರಾಗಿ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅದು ದಾಟಿಹೋಗಿತ್ತು.

ಒಳಗೆ ಹೋಗಿ ನೋಡಿದೆ. ಮೇಲಿನ ಬಂಕಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಉಸಿರು ಗಡಿಯಾರದ ಹಾಗೆ ಸಮ. ಸೂಜಿ ಚುಚ್ಚುವಾಗ ನೋವಾಗಲಿಲ್ಲ ಎಂದು ನಟಿಸುವವರನ್ನು ದಿನಾ ನೋಡುತ್ತೇನೆ. ಮುಖ ಸುಳ್ಳು ಹೇಳುತ್ತದೆ, ಕಾಲ್ಬೆರಳು ಹೇಳುವುದಿಲ್ಲ. ಅವಳ ಹತ್ತೂ ಬೆರಳು ಒಳಕ್ಕೆ ಮಡಚಿದ್ದವು.

ಏಣಿಗೆ ಕೈ ಹಾಕಿದೆ. ಹತ್ತಲಿಲ್ಲ. ಒಣಗಿದ ಬಟ್ಟೆ ತೆಗೆಯುವುದಿತ್ತು.


ಮೇ ೧೦, ಭಾನುವಾರ. ಬೆಳಗ್ಗೆ ೬-೪೦

ಅಕ್ಕ ಭಾವ ಇಲ್ಲ. ಪಕ್ಕದ ಕೋಣೆ ಖಾಲಿ, ಅವರ ಕಾರೂ ಇಲ್ಲ, ಅಕ್ಕನ ಫೋನ್ ಸ್ವಿಚ್ ಆಫ್.

ಪಿಟೀಲು ಮೆಟ್ಟಿಲ ಮೇಲೆ ಕೂತಿದ್ದಾಳೆ. ಒಳ್ಳೆಯ ಫ್ರಾಕು, ಬಿಗಿಯಾಗಿ ಹೆಣೆದ ಜಡೆ, ಎರಡೂ ಸೂಟ್‌ಕೇಸು ಪಕ್ಕದಲ್ಲಿ. ಮರಿಯ ಬ್ಯಾಗಿಗೆ ಅವನ ಆಟದ ಸಾಮಾನು ತುಂಬಿಕೊಟ್ಟವಳೂ ಇವಳೇ ಅಂತೆ. ನಿಮ್ಮನ್ನು ಎಬ್ಬಿಸಬೇಡ ಎಂದು ಹೇಳಿ ಹೋದರಂತೆ.

ಪಕ್ಕದಲ್ಲಿ ಕೂತೆ. ಕೇಳದೆಯೇ ಹೇಳಿದಳು.

“ಐದು ದಿನ ಚೆನ್ನಾಗಿದ್ರೆ ಚಿಕ್ಕಮ್ಮ ಕರ್ಕೊಂಡು ಹೋಗ್ತಾರೆ ಅಂತ ಅಮ್ಮ ಹೇಳಿದ್ರು. ನಾನು ಚೆನ್ನಾಗೇ ಇದ್ದೆ. ಎಲ್ಲಿ ತಪ್ಪಾಯ್ತು ಚಿಕ್ಕಮ್ಮ?”

ಮೆಟ್ಟಿಲ ಮೇಲೆ ಬಿದ್ದಿದ್ದ ಎಲೆಯೊಂದನ್ನು ಕೆಳಗೆ ತಳ್ಳಿದೆ.

“ಶೂ ಒರೆಸಿದ್ದು ಜಾಸ್ತಿ ಆಯ್ತಾ?”

ಇಲ್ಲ ಎಂದೆ.

“ಕೂದಲಾ? ಅದು ಬಿಟ್ಬಿಡ್ತೀನಿ. ಆಗ್ಲೇ ಅರ್ಧ ಬಿಟ್ಟಿದೀನಿ.”

ಆಮೇಲೆ ದನಿ ತಗ್ಗಿಸಿದಳು. ನಿಜವಾದ ಅಮ್ಮ ಯಾರು ಎಂಬುದೂ ಅವಳಿಗೆ ಗೊತ್ತು. ಹೊರಡುವ ಮುಂಚೆಯೇ ಅಕ್ಕ ಹೇಳಿ, ಬಾಯಿಪಾಠ ಮಾಡಿಸಿ ಕರೆತಂದಿದ್ದಾಳೆ. “ನೀವಾಗೇ ಹೇಳೋವರೆಗೂ ಅಮ್ಮ ಅನ್ನಬಾರ್ದು ಅಂದಿದ್ರು. ನಾನು ಒಂದ್ಸಲಾನೂ ಅಂದಿಲ್ಲ ಅಲ್ವಾ?”

“ಇಲ್ಲ. ಅಂದಿಲ್ಲ.”

ಅಷ್ಟೇ ಹೇಳಿದ್ದು. ಆ ಕ್ಷಣ ನನ್ನ ಕೈಯಲ್ಲಿತ್ತು. ಅನ್ನು ಎಂದಿದ್ದರೆ ಆಗುತ್ತಿತ್ತು. ಎರಡಕ್ಷರ. ಒಳಗೆ ಇವರು ಎದ್ದ ಸದ್ದಾಯಿತು, ನಾನು ಎದ್ದು ಒಳಗೆ ಬಂದೆ.


ಬೆಳಗ್ಗೆ ೧೧

ಇವರು ಯಾರ ಜೊತೆಯೂ ಮಾತಾಡುತ್ತಿಲ್ಲ. ಸೂಟ್‌ಕೇಸುಗಳನ್ನು ಬಾಡಿಗೆ ಕಾರಿಗೆ ಎತ್ತಿಹಾಕಿದ ರೀತಿಯಲ್ಲೇ ಎಲ್ಲ ಗೊತ್ತಾಗುತ್ತದೆ. ಗೇಟಿನಲ್ಲಿ ಪ್ರವೇಶದ ಕೈಪಟ್ಟಿ ಕತ್ತರಿಸುವ ಹೆಂಗಸು ಪಿಟೀಲನ್ನು, ಮಜಾ ಬಂತಾ ಎಂದು ಕೇಳಿದಳು. ತುಂಬ ಚೆನ್ನಾಗಿತ್ತು, ಥ್ಯಾಂಕ್ಯೂ, ಎಂದಳು ಪಿಟೀಲು. ಹೇಳಿ ನನ್ನ ಕಡೆ ನೋಡಿದಳು. ಇನ್ನೂ ಪರೀಕ್ಷೆ ಬರೆಯುತ್ತಿದ್ದಾಳೆ.


ಜೂನ್ ೪, ಗುರುವಾರ. ರಾತ್ರಿ ೧೦

ಹಾಸ್ಟೆಲ್ಲಿಗೆ ಬಿಟ್ಟು ಬಂದೆವು. ಬಸ್ಸಿನಲ್ಲಿ ಆರು ಗಂಟೆ ದಾರಿ.

ಈ ಮೂರು ವಾರ ಬರೆಯಲಿಲ್ಲ. ಹಾಲಿನ ಸೋಫಾದಲ್ಲಿ ಮಲಗುತ್ತಿದ್ದಳು. ಮೊದಲ ವಾರ ಶೂ ಒರೆಸಿದಳು, ಬಾಟಲಿ ತುಂಬಿದಳು. ಆಮೇಲೆ ನಿಲ್ಲಿಸಿದಳು. ಒಂದು ಬೆಳಗ್ಗೆ ಸೋಫಾ ಒದ್ದೆ. ಇನ್ನೊಂದು ದಿನ ಇವರ ಗಾಜಿನ ಲೋಟವನ್ನು ಎತ್ತಿ, ಇವರನ್ನೇ ನೋಡುತ್ತಾ, ಕೈಬಿಟ್ಟಳು. ನೋಡಿದೆಯಾ ಎಂದರು ಇವರು. ಆ ಹೊತ್ತಿಗೆ ನನಗೆ ಸಮಾಧಾನವೇ ಆಯಿತು, ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ. ಕಳಿಸಲು ಒಂದು ಕಾರಣ ಬೇಕಿತ್ತು. ಅವಳೇ ಕೊಟ್ಟಳು.

ಆಫೀಸಿನಲ್ಲಿ ಗುಮಾಸ್ತ ಫಾರಂ ತುಂಬುತ್ತಾ, ತಲೆ ಎತ್ತದೆ, ನೀವು ತಾಯಿನಾ ಎಂದ. ಪಿಟೀಲು ನನ್ನ ಪಕ್ಕದಲ್ಲೇ ನಿಂತಿದ್ದಳು. ಮೇಜಿನ ಮೇಲಿನ ಪೇಪರ್ ವೇಟ್ ನೋಡುತ್ತಿದ್ದಳು.

“ಚಿಕ್ಕಮ್ಮ” ಎಂದೆ.

ಗುಮಾಸ್ತ ಬರೆದುಕೊಂಡ. ಅವಳು ಪೇಪರ್ ವೇಟನ್ನು ಒಂದು ಸುತ್ತು ತಿರುಗಿಸಿ ಇಟ್ಟಳು. ವಾರ್ಡನ್ ಬಂದು ಕೈ ಹಿಡಿದು ಕರೆದೊಯ್ದರು. ಹೋಗುವಾಗ ತಿರುಗಿ ನೋಡಲಿಲ್ಲ. ನಾನು ಕೈ ಎತ್ತಿಕೊಂಡೇ ನಿಂತಿದ್ದೆ.

ಭಾನುವಾರ ಹತ್ತೂವರೆಯಿಂದ ಹನ್ನೊಂದು ಫೋನಿನ ಸಮಯವಂತೆ. ಮಕ್ಕಳು ಮನೆಗೆ ಮಾಡಬಹುದು.


ಜೂನ್ ೭, ಭಾನುವಾರ. ಬೆಳಗ್ಗೆ ೧೧-೧೫

ಮಾಡಲಿಲ್ಲ.


ಜೂನ್ ೧೪, ಭಾನುವಾರ. ಬೆಳಗ್ಗೆ ೧೦-೫೦

ಇವರು, ಮಗ ಕೂದಲು ಕತ್ತರಿಸಿಕೊಳ್ಳಲು ಹೋಗಿದ್ದಾರೆ. ಅಡಿಗೆಮನೆಯ ಮೇಜಿನ ಮೇಲೆ ಇದನ್ನು ಬರೆಯುತ್ತಿದ್ದೇನೆ, ಪಕ್ಕದಲ್ಲಿ ಫೋನು. ಈಗ ರಿಂಗಾಯಿತು. ಹಾಸ್ಟೆಲ್ ನಂಬರ್. ನಿಂತಿತು.

ಮತ್ತೆ. ಎತ್ತಿದರೆ ಏನೆಂದು ಹೇಳಿಕೊಳ್ಳಲಿ, ಯಾರು ಮಾತಾಡುತ್ತಿರುವುದು ಅಂತ? ಅವಳು ಅಷ್ಟು ಕೇಳಿದರೆ ಸಾಕು, ಈ ಸಲ ಅಮ್ಮ ಎಂದು ಹೇಳಿಯೇಬಿಡುತ್ತೇನೆ. ಅಥವಾ ವಾರ್ಡನ್ ಇರಬಹುದು, ದೂರು ಹೇಳಲು. ನಿಂತಿತು.

ಮೂರನೇ ಸಲ. ಹತ್ತು ಐವತ್ತೈದು. ಕೆಳಗೆ ಗೇಟಿನ ಸದ್ದು, ಇವರು ಬಂದರೇನೋ. ಎತ್ತುತ್ತೇನೆ, ಎತ್ತಿ ಮೊದಲು —