ತೆಗೆದಿಟ್ಟ ಎರಡು ಹಾಳೆ

ಮನೆ,
ಮಾರ್ಚ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಕೆಮ್ಮು ಹೇಗಿದೆ? ಕಾರ್ಖಾನೆಯ ವಸತಿಯಲ್ಲಿ ಬಿಸಿನೀರು ಸಿಗುತ್ತಿದೆಯೋ, ಇನ್ನೂ ತಣ್ಣೀರಲ್ಲೇ ಸ್ನಾನವೋ? ಅಮ್ಮ ಎದೆಯ ಮಾತ್ರೆ ತಪ್ಪಿಸುತ್ತಿಲ್ಲ.

ನಿನ್ನ ಕಾದಂಬರಿಯ ಕೊನೆಯ ಅಧ್ಯಾಯ ಟೈಪ್ ಮಾಡಿ ಮುಗಿಸಿದೆ. ಬೈಯಬೇಡ, ಅದರ ಕೊನೆಯ ಎರಡು ಹಾಳೆ ತೆಗೆದಿಟ್ಟಿದ್ದೇನೆ. ಪಾಳಿ ಮುಗಿಸಿದ ಅಣ್ಣ ಒಬ್ಬನೇ ಎರಡು ಊಟದ ಡಬ್ಬಿ ಹಿಡಿದು ಮನೆಗೆ ಬರುತ್ತಾನೆ, ತಮ್ಮನ ಡಬ್ಬಿ ತೆರೆದೇ ಇಲ್ಲ. ಅಷ್ಟಕ್ಕೇ ನಾನು ಟೈಪಿಂಗ್ ಅಂಗಡಿಯಲ್ಲಿ ಎಲ್ಲರೆದುರು ಅತ್ತುಬಿಟ್ಟೆ. ನೀನೋ, ತಮ್ಮ ಯಂತ್ರಕ್ಕೆ ಹೇಗೆ ಸಿಕ್ಕ, ಯಾರ ತಪ್ಪು, ಎಷ್ಟು ದುಃಖವಾಯಿತು ಎಂದು ಮತ್ತೆರಡು ಹಾಳೆ ಕೊರೆದಿದ್ದೀಯ. "ಓದೋರಿಗೆ ಅರ್ಥ ಆಗದಿದ್ರೆ?" ಎಂದು ನಿನಗೆ ಯಾವಾಗಲೂ ಅದೊಂದೇ ಭಯ. ಓದುವವರೇನು ಹಾಲು ಕುಡಿಯುವ ಕೂಸುಗಳೇ ಮಹರಾಯ? ಅವರನ್ನೂ ಸ್ವಲ್ಪ ನಂಬು.

ಇನ್ನೊಂದು ಕಾರಣವೂ ಇದೆ, ನಿನಗೆ ಹೇಳಿರಲಿಲ್ಲ. ನಾನು ಟೈಪ್ ಮಾಡಿದ್ದನ್ನು ತಾಳೆ ನೋಡುವಾಗ ನಿನ್ನ ಹಸ್ತಪ್ರತಿಯನ್ನು ಜೋರಾಗಿ ಓದುವವಳು ಅಮ್ಮ. ಚಿಕ್ಕಣ್ಣ ಹಾಗೆಯೇ ಕಾರ್ಖಾನೆಯಲ್ಲಿ ತೀರಿಹೋಗಿ ಎರಡು ವರ್ಷವಾದರೂ, ಅವನು ಕಂಪನಿಯ ದೂರದ ಶಾಖೆಯಲ್ಲಿದ್ದಾನೆ ಎಂದೇ ಅವಳ ನಂಬಿಕೆ. ಅವಳ ಎದೆ ತಡೆಯದೆಂದು ನಾವಿಬ್ಬರೂ ಸೇರಿ ಹೇಳಿದ ಸುಳ್ಳು. ಅದಕ್ಕೆ ಸಾಕ್ಷಿಯಾಗಿ ನೀನು ಅವನ ಕೈಬರಹದಂತೆಯೇ ಬರೆದು ತಿಂಗಳಿಗೊಮ್ಮೆ ಕಳಿಸುವ ಕಾಗದ. ವಿವರಣೆ ಇಲ್ಲದಿದ್ದರೆ ಇದು ಅವಳಿಗೆ ಬರೀ ಕಥೆಯಾಗಿಯೇ ಕಾಣುತ್ತದೆ ಎಂದುಕೊಂಡೆ. ಬೆಳಿಗ್ಗೆ ಡಬ್ಬಿಯ ಸಾಲು ಓದಿ ನಿಲ್ಲಿಸಿದಳು, ಕನ್ನಡಕ ಒರೆಸಿಕೊಂಡಳು. "ಮುಂದಿನ ಹಾಳೆ ಎಲ್ಲಿ?" ಎಂದಳು. ಇಷ್ಟೇ ಎಂದೆ. "ಸಾಕು ಬಿಡು" ಎಂದು ಒಳಗೆ ಹೋದಳು. ನನ್ನ ಜೀವ ಬಾಯಿಗೆ ಬಂದಿತ್ತು. ಸದ್ಯ, ಏನೂ ಆಗಲಿಲ್ಲ.

ಪ್ರಕಾಶಕರು ಅವಸರ ಮಾಡುತ್ತಿದ್ದಾರೆ, ಬೇಗ ಒಪ್ಪಿಗೆ ಬರೆ. ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮ ಆಶೀರ್ವಾದ ತಿಳಿಸಿದ್ದಾಳೆ.

ನಿನ್ನ
ತಂಗಿ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಬಂದು ಪಕ್ಕದಲ್ಲಿ ಕೂತಳು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. "ದೊಡ್ಡೋನಿಗೆ ಬರಿ, ನಂಗೆ ಮೊದಲನೇ ಕಾಗದದಲ್ಲೇ ಗೊತ್ತಾಗಿತ್ತು ಅಂತ. ಚಿಕ್ಕೋನು ಯಾವತ್ತಾದ್ರೂ ನಾಲ್ಕು ಪುಟ ಬರ್ದಿದ್ನಾ? ಚೆನ್ನಾಗಿದೀನಿ ಅಂತ ಒಂದು ಸಾಲು ಬರೆದ್ರೆ ಹೆಚ್ಚು. ನೀವಿಬ್ರೂ ತಡ್ಕೊಳ್ಳಲ್ಲ ಅಂತ ಸುಮ್ನಿದ್ದೆ. ಇನ್ಮೇಲೆ ಅವನ ಹೆಸರಲ್ಲಿ ಬರೀಬೇಡ ಅನ್ನು. ಅವನನ್ನ ಎಲ್ಲಿ ಮಣ್ಣು ಮಾಡಿದ್ರಿ, ಅದೊಂದು ಬರಿ ಅನ್ನು."