ತಬ್ರೇಜನ ನಾಲ್ಕು ತಾಸು

ಇಂಡಿ
14-11-2024, ಗುರುವಾರ

ನಲ್ಮೆಯ ಪ್ರಿಯದರ್ಶಿನಿಗೆ,

ಹೇಗಿದ್ದೀ? ಎಡಭುಜದ ನೋವು ಕಡಿಮೆಯಾಯಿತೆ? ಕಸ್ತೂರೆವ್ವ ಅತ್ತೆಯವರು ಮೊಣಕಾಲಿಗೆ ಇನ್ನೂ ಅದೇ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾರೋ, ಸೊಲ್ಲಾಪುರದ ಡಾಕ್ಟರರಿಗೆ ತೋರಿಸಿದಿರೋ? ಚಡಚಣದ ಕಡೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟನಿ ಮುಗಿದಿರಬೇಕು. ಮಾವನವರಿಗೆ ಈಗಲಾದರೂ ಮಧ್ಯಾಹ್ನ ಒಂದಿಷ್ಟು ಅಡ್ಡಾಗಲು ಬಿಡುವು ಸಿಗುತ್ತಿರಬಹುದು. ನಾನು ಆರಾಮ ಇದ್ದೇನೆ. ಹತ್ತರಿಂದ ಐದರವರೆಗೆ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುತ್ತೇನೆ, ಮನೆಗೆ ಬಂದು ಎರಡು ರೊಟ್ಟಿ ಬಡಿದುಕೊಳ್ಳುತ್ತೇನೆ. ಈಗೀಗ ದುಂಡಗೆ ಬರುತ್ತಿವೆ. ನೋಡಿದರೆ ನೀನು ನಂಬಲಿಕ್ಕಿಲ್ಲ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಹಲೋ ಎಂದಮೇಲೆ ನನಗೆ ಮಾತು ಹೊರಡುವುದಿಲ್ಲ, ನೀನು ಸ್ವಲ್ಪ ಹೊತ್ತು ಕಾದು ಇಟ್ಟುಬಿಡುತ್ತೀ. ತಪ್ಪು ನಿನ್ನದಲ್ಲ. ಯುಗಾದಿ ಮುಗಿದು ನೀನು ತವರಿಗೆ ಹೊರಟಾಗ ಜಗಳವನ್ನೂ ಮಾಡಲಿಲ್ಲ. ‘ಗ್ವಾಡಿ ಜೋಡಿ ಇನ್ನೂ ಎಷ್ಟು ವರ್ಷ ಮಾತಾಡ್ಲಿ, ನೀವ ಹೇಳ್ರಿ’ ಎಂದು ನೀನು ಕೇಳಿದೆ. ನಾನು ನಿನ್ನ ಚೀಲವನ್ನು ಬಸ್ಸಿನವರೆಗೆ ಹೊತ್ತು ತಂದೆ, ಅಷ್ಟೆ. ಪತ್ರವಾದರೆ ಬರೆಯಬಲ್ಲೆ. ಪಲ್ಟನ್ನಿನಲ್ಲಿದ್ದಾಗಿನ ರೂಢಿ.

ನೀನು ಹೋದ ತಿಂಗಳಿಗೆ ರಾಜಶ್ರೀ ಎಂಬ ಹುಡುಗಿ ನನ್ನನ್ನು ಹುಡುಕಿಕೊಂಡು ಬ್ಯಾಂಕಿಗೆ ಬಂದಳು. ಸಿಂದಗಿಯ ಮಾಸ್ತರೊಬ್ಬರ ಮಗಳು, ಸಿನಿಮಾ ಮಾಡುತ್ತಾಳೆ. ಮಾಜಿ ಸೈನಿಕರ ಸಂಘದ ಚಂದಪ್ಪ ಕಾಕಾ ನನ್ನ ಹೆಸರು ಕೊಟ್ಟಿದ್ದರಂತೆ. ಯುದ್ಧದ ಸಿನಿಮಾ, ಮುದ್ದೇಬಿಹಾಳದ ಆಚೆ ಒಂದು ಹಳೆಯ ಕಲ್ಲಿನ ಖಣಿಯಲ್ಲಿ ಶೂಟಿಂಗು. ‘ಎಲ್ಲಾ ಖರೇ ಕಾಣಬೇಕ್ರಿ ಸರ, ಸುಳ್ಳು ಕಂಡಲ್ಲಿ ನಿಲ್ಲಿಸಿ ಹೇಳ್ರಿ’ ಎಂದಳು. ಖಾಲಿ ಮನೆಯಲ್ಲಿ ಕುಳಿತು ಮಾಡುವುದೇನಿತ್ತು, ಹತ್ತು ದಿನ ರಜೆ ಹಾಕಿ ಹೋದೆ. ಬಂದೂಕು ಹಿಡಿಯುವುದನ್ನು ಕಲಿಸಿದೆ. ಕೂಗುವುದನ್ನು ಬಿಡಿಸಿದೆ. ಸಿನಿಮಾದ ಸೈನಿಕರು ಬಹಳ ಕೂಗುತ್ತಾರೆ, ನಿಜವಾದ ಜಾಗದಲ್ಲಿ ಕೂಗಿದವನು ತಾನಿರುವ ಕಲ್ಲನ್ನು ತಾನೇ ತೋರಿಸಿಕೊಟ್ಟಂತೆ. ಗುಂಡಿನ ಸದ್ದು ಡಬ್ಬಿ ಬಡಿದಂತೆ ಇರುವುದಿಲ್ಲ, ಹತ್ತಿರ ಹಾದು ಹೋದರೆ ಜೋಳದ ಒಣ ಕಣಿಕಿ ಮುರಿದಂತೆ ಇರುತ್ತದೆ ಎಂದು ಹೇಳಿದೆ. ಹೆಚ್ಚಿನ ಹೊತ್ತು ಏನೂ ನಡೆಯುವುದಿಲ್ಲ, ಬಿದ್ದುಕೊಂಡು ಕಾಯುವುದೇ ಕೆಲಸ ಎಂದೂ ಹೇಳಿದೆ. ಅವಳು ಎಲ್ಲವನ್ನೂ ಬರೆದುಕೊಂಡಳು.

ಎಂಟನೆಯ ದಿನ ಸಾವಿನ ದೃಶ್ಯ. ಸಂಗು ಎಂಬ ನಟ, ನಾಟಕ ಕಂಪನಿಯಲ್ಲಿ ಬೆಳೆದವನು, ಒಳ್ಳೆಯ ಹುಡುಗ. ಗುಂಡು ತಗಲಿ ಬಿದ್ದ. ತಾಯ್ನಾಡಿನ ಬಗ್ಗೆ ಒಂದು ಪುಟದಷ್ಟು ಮಾತಾಡಿದ, ಸೆಲ್ಯೂಟ್ ಹೊಡೆದು ಕಣ್ಣು ಮುಚ್ಚಿದ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ರಾಜಶ್ರೀ ಮಾತ್ರ ನನ್ನ ಮುಖ ನೋಡಿದಳು. ‘ಹಿಂಗ ಯಾರೂ ಸಾಯೂದಿಲ್ರಿ’ ಎಂದೆ. ‘ಮತ್ತ ಏನಂತಾರ್ರಿ ಸರ?’ ಎಂದು ಕೇಳಿದಳು. ‘ಬೂಟು ಬಿಚ್ಚೋ ಅಂತಾರ’ ಎಂದೆ. ಯಾಕೆ ಹೇಳಿದೆನೋ ತಿಳಿಯದು. ಏಳು ವರ್ಷ ಯಾರ ಮುಂದೆಯೂ ಬಾಯಿಗೆ ಬಾರದ ಮಾತು ಅದು. ನಿನ್ನ ಮುಂದೆಯೂ ಬರಲಿಲ್ಲ. ತಬ್ರೇಜನ ಸಾವಿನ ವಿಷಯದಲ್ಲಿ ನಿನಗೆ ನಾನು ಹೇಳಿದ್ದೆಲ್ಲ ಸುಳ್ಳು, ಪ್ರಿಯಾ.

ಆ ದಿನ ಬೆಳಿಗ್ಗೆ ಏಳು ಗಂಟೆಯ ಸುಮಾರಿಗೆ ಕಾಶ್ಮೀರದ ಕಾಡಿನ ಇಳಿಜಾರಿನಲ್ಲಿ ನಮ್ಮ ಮೇಲೆ ಗುಂಡು ಬಿದ್ದವು. ನಾನು ಒಂದು ಬಂಡೆಯ ಹಿಂದೆ ಉರುಳಿದೆ. ತಬ್ರೇಜ ಬಯಲಿನಲ್ಲೇ ಉಳಿದ. ಗುಂಡು ಕಿಬ್ಬೊಟ್ಟೆಗೆ ತಗಲಿತ್ತು. ನಮ್ಮಿಬ್ಬರ ನಡುವೆ ಇದ್ದದ್ದು ನಮ್ಮ ಅಡುಗೆಮನೆಯಿಂದ ಹೊರಬಾಗಿಲಿಗೆ ಇರುವಷ್ಟು ದೂರ. ಉಳಿದವರು ಕೆಳಗೆ ಸಿಕ್ಕಿಕೊಂಡಿದ್ದರು. ಅವನು ಕೂಗಲಿಲ್ಲ. ಪಕ್ಕದಲ್ಲಿ ಕುಳಿತವನಿಗೆ ಹೇಳುವ ಹಾಗೆ ‘ಸಿದ್ದ್ಯಾ, ಬೂಟು ಬಿಚ್ಚೋ, ಕಾಲು ಉರಿಯಾಕತ್ತಾವು’ ಎಂದ. ‘ಬಂದೆ, ತಡಿ’ ಎಂದೆ. ಹೋಗಲಿಲ್ಲ. ಮೊದಲ ಒಂದು ತಾಸಿನಲ್ಲಿ ತಲೆ ಎತ್ತಿದಾಗ ಎರಡು ಸಲ ಗುಂಡು ಹಾರಿಸಿದರು, ಅದು ನಿಜ. ಆಮೇಲಿನ ಮೂರು ತಾಸು ಒಂದು ಗುಂಡೂ ಬರಲಿಲ್ಲ. ಗುಂಡು ಹಾರಿಸಿದವರು ಹೊರಟುಹೋಗಿದ್ದರು. ಅದು ಆಗ ನನಗೆ ಗೊತ್ತಿರಲಿಲ್ಲ ಎಂದು ಬರೆಯಬೇಕೆಂದುಕೊಂಡೆ, ಆದರೆ ಗೊತ್ತಿತ್ತೋ ಇಲ್ಲವೋ ನನಗೇ ತಿಳಿಯದು. ಅವನು ಬೂಟು ಬಿಚ್ಚೋ ಎಂದಾಗೆಲ್ಲ ನಾನು ಬಂದೆ ಎನ್ನುತ್ತಿದ್ದೆ. ಒಂಬತ್ತೂವರೆಯ ಮೇಲೆ ಅದನ್ನೂ ನಿಲ್ಲಿಸಿದೆ. ನಾನು ಬಂದೆ ಎಂದಾಗಲೆಲ್ಲ ಅವನು ನನ್ನ ಕಡೆ ಕತ್ತು ಹೊರಳಿಸಲು ನೋಡುತ್ತಿದ್ದ. ಹನ್ನೊಂದರ ಹೊತ್ತಿಗೆ ಮಾತು ನಿಂತಿತು. ಕೆಳಗಿನಿಂದ ನಮ್ಮವರು ಬಂದ ಮೇಲೆ ಎದ್ದು ಹೋಗಿ ಲೇಸು ಬಿಚ್ಚಿದೆ. ಕಾಲಿಗೆ ಏನೂ ಆಗಿರಲಿಲ್ಲ.

ಪಲ್ಟನ್ನಿನಲ್ಲಿ ಇದನ್ನು ಯಾರೂ ಕೇಳಲಿಲ್ಲ. ಕೇಳಿದವರು ಅವನ ತಾಯಿ ಸುಲ್ತಾನಬಿ ಚಾಚಿ ಒಬ್ಬರೇ. ಮನಗೂಳಿಯ ಅವರ ಅಂಗಳದಲ್ಲಿ ‘ಎದಿಗೆ ಬಡೀತ್ರಿ ಚಾಚಿ, ಒಂದು ಮಾತೂ ಆಡ್ಲಿಲ್ಲ, ನೋವು ಗೊತ್ತಾಗ್ಲಿಲ್ಲ ಅವ್ಗ’ ಎಂದೆ. ನೀನು ಪಕ್ಕದಲ್ಲೇ ಇದ್ದೆ. ಅವನ ಅಪ್ಪ ನಬಿಸಾಬ ಚಾಚಾ ನನ್ನನ್ನು ತಬ್ಬಿಕೊಂಡಿದ್ದನ್ನು ನೀನೇ ನೋಡಿದೆ. ಆಮೇಲೆ ಅವರೂ ತೀರಿಕೊಂಡರು, ಆ ಸುಳ್ಳನ್ನೇ ನಂಬಿಕೊಂಡು.

ಖಣಿಯಲ್ಲಿ ಸಂಗುವಿಗೆ ನಾನೇ ನೆಲದ ಮೇಲೆ ಮಲಗಿ ತೋರಿಸಿದೆ. ಆಕಾಶ ನೋಡಬೇಡ, ಊಟಕ್ಕೆ ಕುಳಿತವನು ಉಪ್ಪು ಕೇಳುವ ಹಾಗೆ ಕೇಳು ಎಂದೆ. ಎರಡು ಮಾತಿನ ನಡುವೆ ಇನ್ನೂ ಹೊತ್ತು ಬಿಡು, ಇನ್ನೂ, ಇನ್ನೂ ಎಂದೆ. ಹನ್ನೊಂದು ಸಲ ತೆಗೆದರು. ಕೊನೆಯದು ತಬ್ರೇಜನಂತೆಯೇ ಬಂತು, ಮನಗೂಳಿಯ ಆ ಎಳೆತ ಸಹಿತ. ಲೈಟಿನವರು ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಏನೂ ಅನ್ನಿಸಲಿಲ್ಲ. ಹಸಿವಾಗಿತ್ತು, ಎರಡು ತಟ್ಟೆ ಉಪ್ಪಿಟ್ಟು ತಿಂದೆ. ಇದನ್ನು ನಿನಗೆ ಹೇಳಲೇಬೇಕಿತ್ತು. ನೀನು ಎಷ್ಟೋ ಸಲ ‘ನಿಮಗ ಏನೂ ಅನ್ಸೂದ ಇಲ್ಲೇನು’ ಎಂದು ಕೇಳಿದ್ದೀ. ಇಲ್ಲ. ಅನ್ನಿಸುವುದಿಲ್ಲ.

ಹೋದ ವಾರ ರಾಜಶ್ರೀ ಫೋನು ಮಾಡಿದಳು. ಸಿನಿಮಾ ಮುಗಿದಿದೆ, ಮೊದಲ ಆಟ ಬಸವನ ಬಾಗೇವಾಡಿಯಲ್ಲಿ, ಸುತ್ತಲಿನ ತಾಲೂಕುಗಳ ಸೈನಿಕರ ಮನೆಯವರಿಗಾಗಿ. ಚಂದಪ್ಪ ಕಾಕಾ ಕೊಟ್ಟ ಪಟ್ಟಿಯನ್ನು ಓದಿ ಹೇಳಿದಳು. ಸುಲ್ತಾನಬಿ ಚಾಚಿಯ ಹೆಸರು ಬಂದಾಗ ‘ಆ ಬೂಟಿನ ಮಾತು ತಗದಬಿಡ್ರಿ’ ಎಂದೆ. ಅವಳು ‘ಇವ್ರ ಮಗಾ ಏನ್ರಿ ಸರ?’ ಎಂದು ಕೇಳಿದಳು. ಹೌದು ಎಂದು ಹೆಸರು ಹೇಳಿದೆ. ‘ತಗೀತೇನ್ರಿ. ಆದ್ರ ಇಡೀ ಸಿನಿಮಾದಾಗ ಖರೇ ಇರೂದು ಅದೊಂದ ಐತ್ರಿ. ವಾರದಾಗ ವಿಚಾರ ಮಾಡಿ ಹೇಳ್ರಿ’ ಎಂದಳು. ರವಿವಾರ ಮನಗೂಳಿಗೆ ಹೋದೆ.

ಚಾಚಿ ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ‘ಪ್ರಿಯಾನ ಯಾಕ ಕರ್ಕೊಂಡು ಬರ್ಲಿಲ್ಲ’ ಎಂದು ಮೊದಲು ಕೇಳಿದರು. ನಾನು ಕುಳಿತುಕೊಳ್ಳದೆ ನಿಂತಲ್ಲೇ ಎಲ್ಲವನ್ನೂ ಹೇಳಿದೆ, ನಿನಗೆ ಮೇಲೆ ಬರೆದಷ್ಟನ್ನೂ. ಅವರು ಅಕ್ಕಿ ಆರಿಸುತ್ತಲೇ ಇದ್ದರು.

‘ಎಷ್ಟೊತ್ತು?’ ಎಂದರು.

‘ನಾಕು ತಾಸು.’

‘ಬೂಟು ಬಿಚ್ಚಿದೇನಪಾ?’

‘ಇಲ್ರಿ ಚಾಚಿ. ಆಮ್ಯಾಲ ಬಿಚ್ಚಿದೆ. ಅಷ್ಟೊತ್ತಿಗೆ ಹೋಗಿದ್ದ.’

ಅವರು ಮೊರವನ್ನು ಕೆಳಗಿಟ್ಟರು. ಅಳಲಿಲ್ಲ. ನಾನೂ ಅಳಲಿಲ್ಲ. ‘ಏಳು ವರ್ಷ ನಮ್ಮನ್ಯಾಗ ಕುಂತು ಈದಿಗೆ ಸುರಕುಂಬಾ ಕುಡದಿ’ ಎಂದರು. ಹೌದ್ರಿ ಎಂದೆ. ಆಮೇಲೆ ಸಿನಿಮಾದಲ್ಲಿ ಆ ಮಾತು ಇದೆಯೇ ಎಂದು ಕೇಳಿದರು. ತೆಗೆಸುತ್ತೇನೆ ಎಂದೆ. ‘ತಗಸಬ್ಯಾಡ. ನನ್ನ ಮಗನ ಕಡೀ ಮಾತು ಅದು. ಇಷ್ಟ ದಿನಾ ನೀ ಒಬ್ಬನ ಇಟ್ಕೊಂಡಿದ್ದಿ, ಈಗ ನಾ ಕೇಳಬೇಕು’ ಎಂದರು. ನಾನು ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಹೇಳಿದರು: ‘ನೀ ಅಲ್ಲಿ ಬರಬ್ಯಾಡ. ಇಲ್ಲೂ ಇನ್ನ ಬರಬ್ಯಾಡಪಾ.’ ದನಿ ಏರಿಸಲಿಲ್ಲ. ವಿಜಯಪುರದಲ್ಲಿ ಬಸ್ಸು ಬದಲಿಸಿದೆ. ಕಿಟಕಿ ಪಕ್ಕ ಜಾಗ ಸಿಕ್ಕಿತು. ಇಂಡಿ ಬರುವವರೆಗೂ ನಿದ್ದೆ ಹೋದೆ. ಆ ಮಾತು ಇರಲಿ ಎಂದು ರಾಜಶ್ರೀಗೆ ಮರುದಿನ ತಿಳಿಸಿದೆ.

ಇದನ್ನೆಲ್ಲ ಓದಿ ನಿನಗೆ ಸಿಟ್ಟು ಬರಬಹುದು, ಬರಲಿ. ನೀನು ಮರಳಿ ಬಾ ಎನ್ನಲು ಈ ಪತ್ರ ಬರೆದದ್ದಲ್ಲ. ಹನ್ನೊಂದು ವರ್ಷ ನನ್ನ ಜೊತೆ ಬಾಳಿದವಳು, ಯಾರ ಜೊತೆ ಬಾಳಿದೆ ಎಂಬುದಾದರೂ ನಿನಗೆ ತಿಳಿದಿರಬೇಕು. ಭುಜಕ್ಕೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ, ಭಾರ ಎತ್ತಬೇಡ. ಅತ್ತೆ ಮಾವನವರ ಪಾದಗಳಿಗೆ ನನ್ನ ನಮಸ್ಕಾರ ತಿಳಿಸು. ಅವರಿಗೆ ಈ ಪತ್ರವನ್ನು ಓದಿ ಹೇಳುವುದೂ ಬಿಡುವುದೂ ನಿನಗೆ ಸೇರಿದ್ದು.

ನಿನ್ನ
ಸಿದ್ಧರಾಮ

ತಾ.ಕ.: ಡ್ಯೂಟಿಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆಟ ಇದೇ 24ನೇ ತಾರೀಖು ರವಿವಾರ, ಬೆಳಿಗ್ಗೆ ಹನ್ನೊಂದಕ್ಕೆ, ಬಾಗೇವಾಡಿಯ ಟಾಕೀಜಿನಲ್ಲಿ. ಚಾಚಿಯ ಮಗಳು ಮುಬೀನಾಗೆ ದಿನ ತುಂಬಿವೆ, ಅವಳು ಬರಲಾರಳು. ಚಾಚಿ ಒಬ್ಬರೇ ಬರುತ್ತಾರೆ. ನೀನು ಹೋಗಿ ಅವರ ಪಕ್ಕ ಕುಳಿತುಕೋ. ಚಡಚಣದಿಂದ ಮೊದಲ ಬಸ್ಸು ಹಿಡಿದರೆ ಹೊತ್ತಿಗೆ ಮುಟ್ಟುತ್ತೀ. ನಾನು ಕಳಿಸಿದೆ ಎಂದು ಹೇಳಬೇಡ. ಸಿನಿಮಾದ ಕೊನೆಗೆ ಕಪ್ಪು ಪರದೆಯ ಮೇಲೆ ತಬ್ರೇಜನ ಹೆಸರೊಂದೇ ಬರುತ್ತದಂತೆ, ರಾಜಶ್ರೀ ಹೇಳಿದಳು. ಚಾಚಿಗೆ ಉರ್ದು ಬಿಟ್ಟರೆ ಓದಲು ಬಾರದು. ಹೆಸರು ಬಂದಾಗ ನೀನು ಓದಿ ಹೇಳು.