ಇಬ್ಬರು ಕೂರುವ ಗಾಡಿ

ನರೋಣಾ, ೧೯೪೩

ದ್ರೌಪದಿ,

ನೀನು ಮಣ್ಣಾದ ಮೇಲೆ ಅಂಗಳದ ಕುಲುಮೆ ಆರಿಯೇ ಇತ್ತು. ಈ ಚಳಿಗಾಲ ಅದನ್ನು ಮತ್ತೆ ಹೊತ್ತಿಸಿ, ನಡೆಯಲಾಗದ ನಿನ್ನವ್ವನಿಗೆ ಮೂರುಗಾಲಿ ಗಾಡಿ ಕಟ್ಟಿದೆ. ಮೊದಲ ಪೈಪು ಬಗ್ಗಿಸುವಾಗ ಚಪ್ಪಟೆಯಾಯಿತು. ಆಮೇಲೆ ಒಳಗೆ ಒಣ ಮರಳು ತುಂಬಿ, ಕೆಂಪಗೆ ಕಾಯಿಸಿ ಬಗ್ಗಿಸಿದೆ. ಬಳೆಯಂತೆ ದುಂಡಗೆ ಬಾಗಿತು. ಅಂಥ ಪೈಪುಗಳನ್ನು ಜೋಡಿಸಿ ಚೌಕಟ್ಟು ಮಾಡಿ, ಸೈಕಲ್ ಗಾಲಿ, ಪೆಡಲ್ ಹಾಕಿದೆ.

ಇವತ್ತು ಅತ್ತೆಯನ್ನು ಕೂರಿಸಿಕೊಂಡು ಪೆಡಲ್ ತುಳಿದೆ. “ಮುರೀತದೇನಪಾ?” ಎಂದರು.

“ಇಲ್ರಿ ಅತ್ತಿ, ಗಟ್ಟಿ ಅದರಿ,” ಎಂದೆ.

ಪಕ್ಕದ ಮನೆಯ ಜೈತುನಬಿಯನ್ನು ಕಂಡು ಅವರು ಸರಿದು ಕೂತು, “ಬಾ ಬೇ, ನನ್ನ ಅಳಿಯ ಇಬ್ರು ಕುಂದ್ರಂಗ ಮಾಡ್ಯಾನ!” ಎಂದರು. ಆಕೆಯೂ ಹತ್ತಿ ಕೂತಳು; ಬಾವಿಯ ತನಕ ಮೂವರೂ ನಕ್ಕೆವು.

ಅವ್ವನ ಪಕ್ಕ ನೀನೂ ಕೂರಬೇಕೆಂದು ನಾವಿಬ್ಬರೂ ನೆಲದ ಮೇಲೆ ಗೀಚಿದ್ದ ಸೀಟಿನ ಅಳತೆ ಅದು. ಕಡಿಮೆ ಮಾಡಲು ಮನಸ್ಸಾಗಲಿಲ್ಲ.

ದೇವೀಂದ್ರಪ್ಪ